ಲೀಗ್ ಮುಚ್ಚಿತು, ಕಪ್ ಉಳಿಯಿತು

‘ನೀವು ಕೆಲಸ ಮಾಡಿದ ಈ ಕಂಪನಿ ಈಗಲೂ ಇದೆಯಾ?’

ಕಳೆದ ಆರು ತಿಂಗಳಲ್ಲಿ ನಾಲ್ಕು ಇಂಟರ್‌ವ್ಯೂಗಳಿಗೆ ಹೋಗಿ ಬಂದಿದ್ದೇನೆ. ಅದರಲ್ಲಿ ಮೂರು ಕಡೆ ಈ ಪ್ರಶ್ನೆ ಎದುರಾಯಿತು. ‘ಇಲ್ಲ ಸರ್, ಹೋದ ವರ್ಷ ಮುಚ್ಚಿಬಿಟ್ಟರು’ ಎಂದೆ. ಅಲ್ಲಿಂದ ಮುಂದೆ ಮಾತಿನ ಧಾಟಿಯೇ ಬದಲಾಯಿತು. ಎರಡು ವರ್ಷ ಏನು ಮಾಡಿದೆ, ಏನು ಕಲಿತೆ ಎಂದು ಯಾರೂ ಕೇಳಲಿಲ್ಲ. ಒಬ್ಬರಂತೂ ನನ್ನ ಅನುಭವ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದನ್ನು ಈಗ ಯಾರ ಹತ್ತಿರ ವೆರಿಫೈ ಮಾಡೋದು? ನಿಮ್ಮನ್ನು ಫ್ರೆಶರ್ ಅಂತಲೇ ತಗೋಬೇಕಾಗುತ್ತೆ’ ಎಂದರು.

ನಮ್ಮ ಮನೆಯ ಶೋಕೇಸ್‌ನಲ್ಲಿ ಅಂಗೈಯಗಲದ ಒಂದು ಅಕ್ರಿಲಿಕ್ ಫಲಕವಿದೆ. ಅದೇ ಕಂಪನಿ ನನಗೆ ಕೊಟ್ಟ ‘ವರ್ಷದ ಉತ್ತಮ ಉದ್ಯೋಗಿ’ ಪ್ರಶಸ್ತಿ. ಅಮ್ಮ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಾರೆ. ಆ ಮೂರನೇ ಇಂಟರ್‌ವ್ಯೂ ಮುಗಿಸಿ ಬಂದ ದಿನ ಅದನ್ನು ತೆಗೆದು ಬೀರುವಿನ ಒಳಗಿಟ್ಟೆ. ಕೊಟ್ಟವರೇ ಇಲ್ಲದ ಮೇಲೆ ಪ್ರಶಸ್ತಿಗೆ ಏನರ್ಥ ಅನ್ನಿಸಿತ್ತು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನಗೆ ಗೊತ್ತೇ ಇಲ್ಲದ ಒಂದು ಆಟದ ಇತಿಹಾಸದಲ್ಲಿ. ಆಟದ ಹೆಸರು ಐಸ್ ಹಾಕಿ. ವಸ್ತುವಿನ ಹೆಸರು ಟರ್ನರ್ ಕಪ್. ಅದನ್ನು ಕೊಡುತ್ತಿದ್ದ ಇಂಟರ್‌ನ್ಯಾಷನಲ್ ಹಾಕಿ ಲೀಗ್, ಅಂದರೆ ಐಎಚ್‌ಎಲ್, 2001ರಲ್ಲೇ ಬಾಗಿಲು ಹಾಕಿತು. ಕಪ್ ಮಾತ್ರ ಕೆನಡಾದ ಟೊರಾಂಟೊದಲ್ಲಿರುವ ‘ಹಾಕಿ ಹಾಲ್ ಆಫ್ ಫೇಮ್’ ಸೇರಿತು.

ಒಂದೇ ಪಂದ್ಯದ ಗೋಲ್‌ಕೀಪರ್

ಮೊದಲು ಆ ಹೆಸರಿನ ಕಥೆ ಕೇಳಿ. ಜೋ ಟರ್ನರ್ ಕೆನಡಾದ ವಿಂಡ್ಸರ್ ಪಟ್ಟಣದ ಹುಡುಗ, ಗೋಲ್‌ಕೀಪರ್. ಐಸ್ ಹಾಕಿಯಲ್ಲಿ ಎಲ್ಲರ ಕನಸು ಎನ್‌ಎಚ್‌ಎಲ್, ಅಂದರೆ ನ್ಯಾಷನಲ್ ಹಾಕಿ ಲೀಗ್. ನಮ್ಮಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಭಾರತ ತಂಡದ ಕ್ಯಾಪ್ ಇದ್ದ ಹಾಗೆ. ಟರ್ನರ್‌ಗೆ ಆ ಅವಕಾಶ ಸಿಕ್ಕಿದ್ದು ಒಂದೇ ಒಂದು ಸಲ. 1942ರ ಫೆಬ್ರವರಿ 5ರಂದು ಡೆಟ್ರಾಯಿಟ್ ರೆಡ್ ವಿಂಗ್ಸ್ ಪರವಾಗಿ ಟೊರಾಂಟೊ ತಂಡದ ವಿರುದ್ಧ ಅವರು ಗೋಲು ಕಾದರು. ಹೆಚ್ಚುವರಿ ಅವಧಿಯೂ ಸೇರಿ 70 ನಿಮಿಷ ನಡೆದ ಪಂದ್ಯ 3-3ರಲ್ಲಿ ಸಮವಾಯಿತು. ಗೆಲುವೂ ಇಲ್ಲ, ಸೋಲೂ ಇಲ್ಲ. ಎನ್‌ಎಚ್‌ಎಲ್ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಇರುವುದು ಅಷ್ಟೇ.

ಆದರೆ ಅದೇ ವರ್ಷ, ಒಂದು ಮೆಟ್ಟಿಲು ಕೆಳಗಿನ ಅಮೆರಿಕನ್ ಹಾಕಿ ಲೀಗ್‌ನಲ್ಲಿ ಅವರ ಇಂಡಿಯಾನಪೊಲಿಸ್ ಕ್ಯಾಪಿಟಲ್ಸ್ ತಂಡ ಚಾಂಪಿಯನ್ ಆಯಿತು. ಆ ಲೀಗ್‌ನ ಕಾಲ್ಡರ್ ಕಪ್ ಗೆದ್ದಿತು. ಈ ಕಾಲ್ಡರ್ ಕಪ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಆಮೇಲೆ ಯುದ್ಧ. ಕೆನಡಾದವರಾದರೂ ಟರ್ನರ್ ಅಮೆರಿಕದ ಸೇನೆ ಸೇರಿದರು. 1944-45ರ ಚಳಿಗಾಲದಲ್ಲಿ ಜರ್ಮನಿಯ ಹರ್ಟ್‌ಗನ್ ಕಾಡಿನ ಕಾಳಗಕ್ಕೆ ಬಲಿಯಾದರು. ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ವಯಸ್ಸು.

ಯುದ್ಧ ಮುಗಿದ ಮೂರೇ ತಿಂಗಳಿಗೆ, 1945ರ ಡಿಸೆಂಬರ್ 5ರಂದು, ಅವರ ಊರು ವಿಂಡ್ಸರ್‌ನಲ್ಲೇ ಒಂದು ಪುಟ್ಟ ಲೀಗ್ ಹುಟ್ಟಿತು. ಒಂದು ನದಿ, ಆಚೆ ದಡದಲ್ಲಿ ಅಮೆರಿಕದ ಡೆಟ್ರಾಯಿಟ್, ಈಚೆ ದಡದಲ್ಲಿ ಕೆನಡಾದ ವಿಂಡ್ಸರ್. ಎರಡೂ ಕಡೆಯಿಂದ ಎರಡೆರಡು ತಂಡ, ಒಟ್ಟು ನಾಲ್ಕು. ಎರಡು ದೇಶಗಳು ಸೇರಿದ್ದವು ಎಂಬುದೇ ‘ಇಂಟರ್‌ನ್ಯಾಷನಲ್’ ಎಂಬ ದೊಡ್ಡ ಹೆಸರಿಗೆ ಆಧಾರ. ಗೆದ್ದವರಿಗೆ ಕೊಡುವ ಕಪ್‌ಗೆ ಯಾರ ಹೆಸರಿಡಬೇಕು ಎಂಬ ಪ್ರಶ್ನೆ ಬಂದಾಗ ಅವರು ದೊಡ್ಡ ಸ್ಟಾರ್ ಒಬ್ಬರನ್ನು ಹುಡುಕಿಕೊಂಡು ಹೋಗಲಿಲ್ಲ. ತಮ್ಮೂರಿನ, ಮೇಲಿನ ಹಂತದಲ್ಲಿ ಒಂದೇ ಪಂದ್ಯ ಆಡಿದ, ಮನೆಗೆ ಮರಳದ ಹುಡುಗನ ಹೆಸರಿಟ್ಟರು. 1946ರಲ್ಲಿ ಡೆಟ್ರಾಯಿಟ್ ಆಟೊ ಕ್ಲಬ್ ತಂಡ ಮೊದಲ ಸಲ ಅದನ್ನು ಎತ್ತಿತು.

ನನಗೆ ತುಂಬ ಹಿಡಿಸಿದ್ದು ಇದೇ. ನಮ್ಮ ಲೆಕ್ಕಾಚಾರದಲ್ಲಿ ಜೋ ಟರ್ನರ್ ‘ಸೆಟ್ಲ್ ಆಗದವನು’. ಇಂಟರ್‌ವ್ಯೂ ಟೇಬಲ್ಲಿನ ಆಚೆ ಕೂತವರು ‘ಒಂದೇ ಮ್ಯಾಚಾ? ಆಮೇಲೆ ಯಾಕೆ ಗ್ಯಾಪ್?’ ಎಂದು ಕೇಳುತ್ತಿದ್ದರೇನೋ. ಆದರೆ ಅವರ ಹೆಸರಿನ ಕಪ್‌ಗಾಗಿ ಐವತ್ತಕ್ಕೂ ಹೆಚ್ಚು ವರ್ಷ ಸಾವಿರಾರು ಆಟಗಾರರು ಬೆವರು ಸುರಿಸಿದರು.

ಬೆಳೆದದ್ದೂ ಮುಳುಗಿದ್ದೂ

ಬಹಳ ಕಾಲ ಐಎಚ್‌ಎಲ್ ಸಣ್ಣ ಊರುಗಳ ಲೀಗ್ ಆಗಿತ್ತು. ಫೋರ್ಟ್ ವೇನ್, ಟೊಲೀಡೊ, ಫ್ಲಿಂಟ್, ಸ್ಯಾಗಿನಾ, ಕಲಮಜೂ, ಮಸ್ಕೀಗನ್. ಹೆಚ್ಚಿನವು ಕಾರ್ಖಾನೆಗಳನ್ನೇ ನಂಬಿದ್ದ ಊರುಗಳು. ಎನ್‌ಎಚ್‌ಎಲ್ ತಂಡ ಅಲ್ಲಿಗೆ ಎಂದೂ ಬರುವಂತಿರಲಿಲ್ಲ. ಆ ಊರುಗಳಿಗೆ ಟರ್ನರ್ ಕಪ್ಪೇ ವಿಶ್ವಕಪ್.

1990ರ ದಶಕ ಬರುವಷ್ಟರಲ್ಲಿ ಲೀಗ್‌ಗೆ ದೊಡ್ಡ ಆಸೆ ಹುಟ್ಟಿತು. ಲಾಸ್ ಏಂಜಲೀಸ್, ಲಾಸ್ ವೇಗಸ್, ಅಟ್ಲಾಂಟಾ, ಒರ್ಲ್ಯಾಂಡೊ, ಹ್ಯೂಸ್ಟನ್, ಶಿಕಾಗೊ ಹೀಗೆ ಮಹಾನಗರಗಳಿಗೆ ಕಾಲಿಟ್ಟಿತು. 1995-96ರ ಹೊತ್ತಿಗೆ ತಂಡಗಳ ಸಂಖ್ಯೆ 19. ಒಂದು ತುದಿಯಿಂದ ಇನ್ನೊಂದು ತುದಿಗೆ ಪಂದ್ಯ ಆಡಲು ಹೋಗಬೇಕೆಂದರೆ ಮೂರು ಸಾವಿರ ಕಿಲೊಮೀಟರ್‌ಗೂ ಹೆಚ್ಚು ದೂರ. ವಿಮಾನದ ಖರ್ಚು, ದೊಡ್ಡ ಕ್ರೀಡಾಂಗಣಗಳ ಬಾಡಿಗೆ, ಏರಿದ ಸಂಬಳ ಎಲ್ಲ ಸೇರಿ ಹಾಸಿಗೆಗಿಂತ ಕಾಲು ಉದ್ದವಾಯಿತು. ಇನ್ನೊಂದು ಕಡೆ ಎನ್‌ಎಚ್‌ಎಲ್ ಕೂಡ ಅದೇ ನಗರಗಳ ಮೇಲೆ ಕಣ್ಣಿಟ್ಟಿತ್ತು.

ಡೆನ್ವರ್ ಗ್ರಿಜ್ಲೀಸ್ ತಂಡದ ಕಥೆ ನೋಡಿ. 1995ರಲ್ಲಿ ಟರ್ನರ್ ಕಪ್ ಗೆದ್ದಿತು. ಅದೇ ವರ್ಷ ಎನ್‌ಎಚ್‌ಎಲ್ ತಂಡವೊಂದು ಡೆನ್ವರ್‌ಗೆ ಸ್ಥಳಾಂತರವಾಯಿತು. ಚಾಂಪಿಯನ್ ತಂಡವೇ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಯೂಟಾ ರಾಜ್ಯಕ್ಕೆ ಹೊರಡಬೇಕಾಯಿತು. ಮರುವರ್ಷ ಆ ಹೊಸ ಊರಿನಿಂದಲೂ ಕಪ್ ಗೆದ್ದರು. ಕೆಲಸ ಗೊತ್ತಿದ್ದವರು ಊರು ಬದಲಾದ ಮಾತ್ರಕ್ಕೆ ಅದನ್ನು ಮರೆಯುವುದಿಲ್ಲ.

ಕೊನೆಗೆ 2001ರ ಮೇ ತಿಂಗಳಲ್ಲಿ ಒರ್ಲ್ಯಾಂಡೊ ಸೋಲಾರ್ ಬೇರ್ಸ್ ತಂಡ ಶಿಕಾಗೊ ವೂಲ್ವ್ಸ್ ತಂಡವನ್ನು ಸೋಲಿಸಿ ಟರ್ನರ್ ಕಪ್ ಎತ್ತಿತು. ಕೆಲವೇ ವಾರಗಳಲ್ಲಿ ಲೀಗ್ ಮುಚ್ಚಿತು. ಕೊನೆಗೆ ಉಳಿದಿದ್ದ 11 ತಂಡಗಳಲ್ಲಿ ಆರನ್ನು ಅಮೆರಿಕನ್ ಹಾಕಿ ಲೀಗ್ ಸೇರಿಸಿಕೊಂಡಿತು: ಶಿಕಾಗೊ, ಗ್ರ್ಯಾಂಡ್ ರ್‍ಯಾಪಿಡ್ಸ್, ಹ್ಯೂಸ್ಟನ್, ಮ್ಯಾನಿಟೋಬಾ, ಮಿಲ್ವಾಕೀ ಮತ್ತು ಯೂಟಾ. ಆ ಪಟ್ಟಿಯಲ್ಲಿ ಒರ್ಲ್ಯಾಂಡೊ ಇರಲಿಲ್ಲ. ಫೈನಲ್‌ನಲ್ಲಿ ಸೋತವರಿಗೆ ಮುಂದಿನ ವರ್ಷವಿತ್ತು, ಗೆದ್ದವರಿಗೆ ಇರಲಿಲ್ಲ. ಚಾಂಪಿಯನ್ ತಂಡವೇ ಇಲ್ಲವಾಯಿತು.

ಇದಕ್ಕಿಂತ ದೊಡ್ಡ ಅನ್ಯಾಯ ಇದೆಯೇ ಎಂದು ಮೊದಲು ಅನ್ನಿಸಿತು. ಯೋಚಿಸುತ್ತಾ ಹೋದಂತೆ ಬೇರೆಯದೇ ಹೊಳೆಯಿತು. ಒರ್ಲ್ಯಾಂಡೊ ಆಟಗಾರರು ಆ ಕಪ್ ಗೆಲ್ಲಲು ಹೊಡೆದ ಗೋಲುಗಳು ಲೀಗ್ ಮುಚ್ಚಿದ ದಿನ ವಾಪಸ್ ಹೋದವೇ? ಇಲ್ಲವಲ್ಲ. ಲೆಕ್ಕಪತ್ರದಲ್ಲಿ ಸೋತಿದ್ದು ಲೀಗ್. ಮಂಜಿನ ಮೇಲೆ ಗೆದ್ದಿದ್ದು ಆಟಗಾರರು. ಮಾಲೀಕರ ಲೆಕ್ಕ ತಪ್ಪಿದ್ದಕ್ಕೆ ಆಟಗಾರರ ಆಟ ಸುಳ್ಳಾಗುವುದಿಲ್ಲ.

ನನ್ನ ವಾದವೂ ಇಷ್ಟೇ. ಸಂಸ್ಥೆ ಬದುಕಿದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ. ಅಲ್ಲಿ ನಡೆದ ಕೆಲಸ ನಿಜವೋ ಅಲ್ಲವೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಕೇಳದೇ ಬಿಡುವುದು ತಪ್ಪು.

ಎಚ್‌ಆರ್ ಕಡೆಯಿಂದಲೂ ನೋಡೋಣ

ಇಂಟರ್‌ವ್ಯೂ ಮಾಡುವವರ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಹುಟ್ಟೇ ಇಲ್ಲದ ಕಂಪನಿಗಳ ಹೆಸರಲ್ಲಿ ನಕಲಿ ಅನುಭವ ಪತ್ರ ಮಾಡಿಸಿಕೊಡುವ ದಂಧೆ ಇದೆ ಎಂಬುದು ಕೆಲಸ ಹುಡುಕುವ ಎಲ್ಲರಿಗೂ ಗೊತ್ತು. ಫೋನ್ ಮಾಡಿದರೆ ಎತ್ತುವವರಿಲ್ಲದ ಪತ್ರವನ್ನು ಕಣ್ಣುಮುಚ್ಚಿ ನಂಬಿ ಎಂದು ನಾನೂ ಹೇಳಲಾರೆ. ಎಲ್ಲ ಕಪ್‌ಗಳೂ ಒಂದೇ ಅಲ್ಲ ಎಂಬುದೂ ನಿಜ. ಟರ್ನರ್ ಕಪ್ ಎಷ್ಟೇ ಆದರೂ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಅಲ್ಲ. ಅದನ್ನು ಗೆದ್ದವರೂ ಹಾಗೆ ಹೇಳಿಕೊಳ್ಳಲಾರರು. ಸಣ್ಣ ಕಂಪನಿಯಲ್ಲಿ ಎರಡು ವರ್ಷ ದುಡಿದ ನಾನು ದೊಡ್ಡ ಐಟಿ ಕಂಪನಿಯ ಅನುಭವಕ್ಕೆ ಸರಿಸಮ ಎಂದು ವಾದಿಸುತ್ತಿಲ್ಲ.

ಆದರೆ ಪರೀಕ್ಷಿಸಲು ಫೋನ್ ಕರೆಯೊಂದೇ ದಾರಿಯೇ? ಗೋಲ್‌ಕೀಪರ್ ನಿಜವಾಗಿ ಗೋಲ್‌ಕೀಪರ್ ಹೌದೋ ಅಲ್ಲವೋ ತಿಳಿಯಲು ಎದುರು ನಿಂತು ನಾಲ್ಕು ಸಲ ಹೊಡೆದರೆ ಸಾಕು. ಅವನ ಹಳೆಯ ಕ್ಲಬ್ಬಿನ ಬಾಗಿಲು ತೆರೆದಿದೆಯೇ ಎಂದು ನೋಡಿ ಬರಬೇಕಿಲ್ಲ. ‘ಈ ಕೆಲಸ ಮಾಡಿ ತೋರಿಸಿ’ ಎಂದು ಅರ್ಧ ಗಂಟೆ ಕೊಡಿ. ‘ಅಲ್ಲಿ ನಿಮ್ಮ ಕೈಯಲ್ಲಿ ಕೆಟ್ಟುಹೋದ ಒಂದು ಕೆಲಸ ಹೇಳಿ, ಹೇಗೆ ಸರಿಮಾಡಿದಿರಿ?’ ಎಂದು ಕೇಳಿ. ಸುಳ್ಳು ಹೇಳುವವರು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ.

1996-97ರಲ್ಲಿ ಹದಿನೆಂಟರ ಹರೆಯದ ಸೆರ್ಗೈ ಸ್ಯಾಮ್ಸೊನೊವ್ ಐಎಚ್‌ಎಲ್‌ನ ಡೆಟ್ರಾಯಿಟ್ ವೈಪರ್ಸ್ ಪರ ಆಡಿ ಟರ್ನರ್ ಕಪ್ ಗೆದ್ದರು. ಎನ್‌ಎಚ್‌ಎಲ್‌ನ ಬೋಸ್ಟನ್ ತಂಡ ಅವರನ್ನು ಕರೆದುಕೊಂಡಿತು. ಮರುವರ್ಷವೇ ಅವರು ಎನ್‌ಎಚ್‌ಎಲ್‌ನ ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿದರು. ವೈಪರ್ಸ್ ತಂಡ 2001ರಲ್ಲಿ ಮುಳುಗಿತು, ಹಾಗೆಂದು ಸ್ಯಾಮ್ಸೊನೊವ್ ಕಲಿತ ಆಟ ಮುಳುಗಲಿಲ್ಲ.

ಮುಚ್ಚಿದ ಮೇಲೂ ಉಳಿದದ್ದು

ಐಎಚ್‌ಎಲ್ ಬಿಟ್ಟುಹೋದದ್ದು ಒಂದು ಕಪ್ ಮಾತ್ರವಲ್ಲ. 1992ರ ಡಿಸೆಂಬರ್‌ನಲ್ಲಿ ಅಟ್ಲಾಂಟಾ ನೈಟ್ಸ್ ತಂಡದ ಪರ ಮನೋನ್ ರಿಯೋಮ್ ಎಂಬ ಗೋಲ್‌ಕೀಪರ್ ಮಂಜಿನಂಗಳಕ್ಕೆ ಇಳಿದರು. ವೃತ್ತಿಪರ ಪುರುಷರ ಐಸ್ ಹಾಕಿಯಲ್ಲಿ, ಅಭ್ಯಾಸ ಪಂದ್ಯವಲ್ಲದ ನಿಜವಾದ ಲೀಗ್ ಪಂದ್ಯ ಆಡಿದ ಮೊದಲ ಮಹಿಳೆ ಅವರು. ಆ ಬಾಗಿಲು ತೆರೆದದ್ದು ದೊಡ್ಡ ಲೀಗ್ ಅಲ್ಲ, ಮುಂದೆ ಮುಚ್ಚಿಹೋದ ಈ ಸಣ್ಣ ಲೀಗ್. ಪಂದ್ಯ ಸಮವಾದರೆ ಪೆನಾಲ್ಟಿ ಶೂಟೌಟ್‌ನಲ್ಲಿ ಫಲಿತಾಂಶ ತೀರ್ಮಾನಿಸುವ ಪದ್ಧತಿಯೂ ಐಎಚ್‌ಎಲ್‌ನಲ್ಲಿ ಮೊದಲೇ ಇತ್ತು. ಎನ್‌ಎಚ್‌ಎಲ್ ಅದನ್ನು ತಂದದ್ದು 2005-06ರಲ್ಲಿ.

ಈಗ ಕಾಲ್ಡರ್ ಕಪ್ ವಿಷಯಕ್ಕೆ ಬರೋಣ. ಮುಚ್ಚಿದ ಲೀಗ್‌ನಿಂದ ಬಂದ ಆ ಆರು ತಂಡಗಳು ಹೊಸ ಲೀಗ್‌ನಲ್ಲಿ ಏನು ಮಾಡಿದವು? 2002ರಲ್ಲಿ ಕಾಲ್ಡರ್ ಕಪ್ ಗೆದ್ದಿದ್ದು ಶಿಕಾಗೊ. 2003ರಲ್ಲಿ ಹ್ಯೂಸ್ಟನ್. 2004ರಲ್ಲಿ ಮಿಲ್ವಾಕೀ. ಸತತ ಮೂರು ವರ್ಷ, ಮೂರೂ ತಂಡಗಳು ‘ಮುಚ್ಚಿದ ಲೀಗ್‌ನವು’. ಅವರನ್ನು ಫ್ರೆಶರ್ ಎಂದು ಬೆಂಚಿನ ಮೇಲೆ ಕೂರಿಸಿದ್ದರೆ ನಷ್ಟ ಯಾರಿಗಾಗುತ್ತಿತ್ತು? ಜೋ ಟರ್ನರ್ ತಂಡ 1942ರಲ್ಲಿ ಗೆದ್ದಿದ್ದೂ ಅದೇ ಕಪ್ ಎಂಬುದು ನೆನಪಿರಲಿ.

ಇನ್ನೊಂದು ತಂಡದ ಬಗ್ಗೆ ಹೇಳಲೇಬೇಕು. ಫೋರ್ಟ್ ವೇನ್ ಕೋಮೆಟ್ಸ್ 1952ರಲ್ಲಿ ಐಎಚ್‌ಎಲ್ ಸೇರಿದ ತಂಡ. 1963, 1965, 1973, 1993ರಲ್ಲಿ ಟರ್ನರ್ ಕಪ್ ಗೆದ್ದಿತು. 1993ರ ಪ್ಲೇಆಫ್‌ನಲ್ಲಂತೂ ಆಡಿದ 12 ಪಂದ್ಯಗಳನ್ನೂ ಗೆದ್ದರು. ಲೀಗ್ ಮಹಾನಗರಗಳ ಬೆನ್ನು ಹತ್ತಿದಾಗ, 1999ರಲ್ಲಿ, ಅವರು ಇನ್ನೂ ಸಣ್ಣದಾದ ಯುನೈಟೆಡ್ ಹಾಕಿ ಲೀಗ್‌ಗೆ ಹೋದರು. ಅದು 2007ರಲ್ಲಿ ಐಎಚ್‌ಎಲ್ ಎಂಬ ಹಳೆಯ ಹೆಸರನ್ನೇ ಇಟ್ಟುಕೊಂಡು ತನ್ನ ಕಪ್ಪನ್ನೂ ಟರ್ನರ್ ಕಪ್ ಎಂದು ಕರೆಯಿತು. 2008, 2009, 2010 ಮೂರೂ ವರ್ಷ ಅದು ಕೋಮೆಟ್ಸ್ ಪಾಲಾಯಿತು. 2010ರಲ್ಲಿ ಆ ಲೀಗೂ ನಿಂತಿತು. ಕೋಮೆಟ್ಸ್ ಮತ್ತೊಂದು ಲೀಗ್ ಸೇರಿದರು, ಅಲ್ಲಿಂದ ಇನ್ನೊಂದಕ್ಕೆ ಹೋದರು, 2021ರಲ್ಲಿ ಅಲ್ಲಿಯ ಕೆಲ್ಲಿ ಕಪ್ ಗೆದ್ದರು. ಲೀಗ್‌ಗಳು ಬಂದವು, ಹೋದವು. ಆ ತಂಡ ಅದೇ ಊರಿನಲ್ಲಿ ಆಡುತ್ತಲೇ ಇತ್ತು.

ಹೆಸರು ದೊಡ್ಡದಾಗಿದ್ದರೆ ಬದುಕು ಭದ್ರ ಎಂದು ನಂಬಿದ ನಮ್ಮ ತಲೆಮಾರಿಗೆ ಕೋಮೆಟ್ಸ್ ಕಥೆ ಹೇಳಬೇಕು. ಮಹಾನಗರದ ತಂಡಗಳು ಎದ್ದಷ್ಟೇ ಬೇಗ ಬಿದ್ದವು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದವರು ಉಳಿದರು.

ನಮ್ಮಲ್ಲೂ ಇಂಥದ್ದಿದೆ

ಇದು ದೂರದ ದೇಶದ ಮಾತೆಂದು ಬಿಡುವಂತಿಲ್ಲ. ನಮ್ಮ ದೇಶದಲ್ಲೇ ಮೈದಾನದಲ್ಲಾಡುವ ಹಾಕಿಗೆ 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾಗಿತ್ತು, ಬೆಂಗಳೂರಿನ ತಂಡವೂ ಅದರಲ್ಲಿತ್ತು. 2008ರ ನಂತರ ಅದು ನಡೆಯಲಿಲ್ಲ. ಐಪಿಎಲ್‌ಗಿಂತ ಮೊದಲೇ ಹುಟ್ಟಿದ ಲೀಗ್ ಅದು. ಇಂದಿನ ಎಷ್ಟು ಕಾಲೇಜು ಹುಡುಗರಿಗೆ ಅದರ ಹೆಸರು ಗೊತ್ತು? ಆದರೆ ಅಲ್ಲಿ ಆಡಿದವರ ಓಟ, ಡ್ರಿಬಲ್, ಗಾಯ ಯಾವುದೂ ಸುಳ್ಳಲ್ಲ.

ಆಟದಿಂದ ಆಚೆಗೂ ನೋಡಿ. ಪ್ರವೇಶ ಸಾಲದೆ ಮುಚ್ಚಿದ ಕಾಲೇಜಿನ ಪದವೀಧರರು ನಮ್ಮ ನಡುವೆ ಇದ್ದಾರೆ. ನಿಂತುಹೋದ ಪತ್ರಿಕೆಯಲ್ಲಿ ಬರೆಯಲು ಕಲಿತವರಿದ್ದಾರೆ. ಬೀಗ ಬಿದ್ದ ಕಾರ್ಖಾನೆಯಲ್ಲಿ ಲೇತ್ ಹಿಡಿಯಲು ಕಲಿತ ಐಟಿಐ ಹುಡುಗರಿದ್ದಾರೆ. ಎರಡು ವರ್ಷ ನಡೆದು ನಿಂತ ಸ್ಟಾರ್ಟ್‌ಅಪ್‌ನಲ್ಲಿ ಮೂವರ ಕೆಲಸವನ್ನು ಒಬ್ಬರೇ ಮಾಡಿದ ನನ್ನಂಥವರಂತೂ ಲೆಕ್ಕವಿಲ್ಲ. ಇವರೆಲ್ಲ ಒಂದೇ ಮುಜುಗರ ಹೊತ್ತು ತಿರುಗುತ್ತಿದ್ದಾರೆ. ಕೆಲವರು ರೆಸ್ಯೂಮೆಯಿಂದ ಆ ವರ್ಷಗಳನ್ನೇ ಅಳಿಸಿ, ‘ಗ್ಯಾಪ್ ಇತ್ತು’ ಎಂದು ಸುಳ್ಳು ಹೇಳುತ್ತಾರೆ. ದುಡಿದ ವರ್ಷವನ್ನು ಖಾಲಿ ಕೂತ ವರ್ಷ ಎಂದು ತೋರಿಸುವ ಸ್ಥಿತಿ ಯಾರಿಗೂ ಬರಬಾರದು.

ಹಾಗಾದರೆ ನಾವೇನು ಮಾಡಬೇಕು? ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ. ಕೆಲಸದಲ್ಲಿರುವಾಗಲೇ ದಾಖಲೆ ಇಟ್ಟುಕೊಳ್ಳಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಖಾತೆಯ ವಿವರ, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಇವೆಲ್ಲ ಕಂಪನಿ ಹೋದ ಮೇಲೂ ಮಾತಾಡುತ್ತವೆ. ಕಂಪನಿ ತೊದಲಲು ಶುರುಮಾಡಿದಾಗಲೇ ಅನುಭವ ಪತ್ರ ಕೇಳಿ ಪಡೆಯಿರಿ, ಬೀಗ ಬಿದ್ದ ಮೇಲೆ ಸಹಿ ಹಾಕುವವರು ಸಿಗುವುದಿಲ್ಲ. ನಿಮ್ಮ ಜೊತೆ ದುಡಿದ ಹಿರಿಯರ ನಂಬರ್ ಉಳಿಸಿಕೊಳ್ಳಿ. ಕಂಪನಿ ಫೋನ್ ಎತ್ತದಿದ್ದರೂ ಅವರು ಎತ್ತುತ್ತಾರೆ. ಸೇರುವಾಗ ಹೆಸರಿನ ಅಬ್ಬರ ನೋಡಿ ಮರುಳಾಗಬೇಡಿ. ಆದಾಯವಿಲ್ಲದೆ ಊರೂರಿಗೆ ಶಾಖೆ ತೆರೆಯುತ್ತಿದ್ದರೆ ಐಎಚ್‌ಎಲ್ ನೆನಪಿಗೆ ಬರಲಿ. ಕೇಳಿದಾಗ ಮುಚ್ಚುಮರೆ ಬೇಡ. ‘ಮುಚ್ಚಿತು. ಆದರೆ ನಾನು ಅಲ್ಲಿ ಈ ಕೆಲಸ ಮಾಡಿದೆ, ಈಗಲೂ ಮಾಡಿ ತೋರಿಸಬಲ್ಲೆ’ ಎಂದು ತಲೆಯೆತ್ತಿ ಹೇಳಿ.

ನಾಲ್ಕನೇ ಇಂಟರ್‌ವ್ಯೂನಲ್ಲಿ ನಾನು ಹಾಗೇ ಹೇಳಿದೆ. ಆ ಪ್ರಶ್ನೆ ಬರುವ ಮೊದಲೇ ನಾನೇ ವಿಷಯ ತೆಗೆದೆ. ಮೇಜಿನಾಚೆಯ ಮೇಡಂ ಒಂದು ಕ್ಷಣ ಸುಮ್ಮನಿದ್ದು, ‘ಸರಿ, ಅಲ್ಲಿ ಏನು ಮಾಡ್ತಿದ್ರಿ ಹೇಳಿ’ ಎಂದರು. ಇಪ್ಪತ್ತು ನಿಮಿಷ ಮಾತಾಡಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಸಿಗಬಹುದು, ಸಿಗದೆಯೂ ಇರಬಹುದು. ಆದರೆ ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಹಿಂದಿನ ಮೂರು ಸಲದಂತೆ ಕುಗ್ಗಿ ಕೂತಿರಲಿಲ್ಲ.

ಮನೆಗೆ ಬಂದವಳೇ ಬೀರುವಿನಿಂದ ಆ ಫಲಕ ತೆಗೆದು ಮತ್ತೆ ಶೋಕೇಸ್‌ನಲ್ಲಿಟ್ಟೆ. ಅಮ್ಮ ಏನೂ ಕೇಳಲಿಲ್ಲ. ಬಟ್ಟೆ ತಂದು ಧೂಳು ಒರೆಸಿದರು.